ಕಲ್ಲಿಗೆ ಉಜ್ಜಿದ ಸೋಪು

ಬಾಗಿಲನ್ನು ಎಳೆದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ತಳ್ಳಿದೆ. ಊಹೂಂ.

"ಪಕ್ಕಕ್ಕೆ ಸರಿಸಿ ಮೇಡಂ," ಎಂದರು ನನ್ನ ಬೆನ್ನ ಹಿಂದೆ ನಿಂತಿದ್ದ ಹಲ್ಲಿನ ಡಾಕ್ಟರು.

ಸರಿಸಿದೆ. ಸದ್ದಿಲ್ಲದೆ ಸರಿಯಿತು. ಶೌಚಾಲಯಕ್ಕೆ ಜಾರುಬಾಗಿಲು ಇಡಿಸಿದ ಪುಣ್ಯಾತ್ಮ ಯಾರೋ! ಕೈಯಲ್ಲಿ ದುಡ್ಡು ಓಡಾಡುವಾಗ ಬುದ್ಧಿಗೆ ರಜೆ ಕೊಡುವವರು ಕಟ್ಟಿಸಿದ ಕಟ್ಟಡ ಇದು. ಹೊರಗೆಲ್ಲ ಗಾಜು, ಒಳಗೆಲ್ಲ ಗೋಜಲು.

ನಾನು ಬಂದಿದ್ದು ಸೋಪು ನೋಡಲು.

ನಗಬೇಡಿ. ಈ ಡಾಕ್ಟರಮ್ಮನ ತಮ್ಮ ಕಟ್ಟಡಗಳ ಮೌಲ್ಯ ಕಟ್ಟುವವನು. ಊರೆಲ್ಲ ಅವನನ್ನು ತಕ್ಕಡಿ ಎಂದೇ ಕರೆಯುತ್ತದೆ. ಮೂರು ದಿನದ ಹಿಂದೆ ಈ ಕಟ್ಟಡವನ್ನು ತೂಗಲು ಬಂದವನು ಮನೆಗೆ ಮರಳಲಿಲ್ಲ. ಅವನ ವರದಿ ಮಾತ್ರ ಬ್ಯಾಂಕಿಗೆ ತಲುಪಿತು. ಕಟ್ಟಡ ಭರ್ತಿ ಇದೆ, ಚಿನ್ನದಂಥ ಆಸ್ತಿ, ಕಣ್ಣು ಮುಚ್ಚಿ ಸಾಲ ಮುಂದುವರಿಸಿ ಎಂದು ಅದರಲ್ಲಿತ್ತಂತೆ. ಹೊಗಳಿಕೆಗೂ ತಕ್ಕಡಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆ ಮನುಷ್ಯ ತನ್ನ ಮದುವೆಯ ಛತ್ರವನ್ನೇ ನೋಡಿ "ಅಡಿಪಾಯ ಕುಸೀತಿದೆ" ಎಂದು ಬೀಗರ ಮುಂದೆ ಹೇಳಿದವನು.

ಡಾಕ್ಟರಮ್ಮ ಬೆಳಿಗ್ಗೆ ನನ್ನ ಮನೆಗೆ ಬಂದು ಅತ್ತಿದ್ದರು. ನಾನು ಹಿಂದೆ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುತ್ತಿದ್ದೆ. ಈಗ ಅದೇ ಕೆಲಸವನ್ನು ಸ್ವಂತಕ್ಕೆ ಮಾಡುತ್ತೇನೆ. ನನ್ನ ಮುಂದೆ ಕಣ್ಣೀರು ಹಾಕಿದವರ ಲೆಕ್ಕವಿಲ್ಲ, ನಂಬಿದ್ದು ಕಡಿಮೆ. ಈಕೆಯನ್ನು ನಂಬಿದೆ. ಮೂಗು ಕೆಂಪಾಗುವ ಹಾಗೆ ಅಳುವುದನ್ನು ಯಾರೂ ನಟಿಸಲಾರರು ಅಂದುಕೊಂಡೆ.

"ನನ್ನ ತಮ್ಮ ಯಾವ ಕಟ್ಟಡಕ್ಕೆ ಹೋದ್ರೂ ಮೊದಲು ನುಗ್ಗೋದು ಬಾತ್‌ರೂಮಿಗೆ," ಎಂದಿದ್ದರು ಮೂಗು ಒರೆಸಿಕೊಳ್ಳುತ್ತಾ. "ನಮ್ಮಪ್ಪ ಇವನಿಗೆ ಸಕ್ಕರೆ ಕಾಯಿಲೆ ಬಂದಿದೆ ಅಂತ ಡಾಕ್ಟರ ಹತ್ರ ಎಳ್ಕೊಂಡು ಹೋಗಿದ್ರು! ಆಮೇಲೆ ಗೊತ್ತಾಯ್ತು, ಅವನು ನೋಡೋದು ಸೋಪು. ಬಾಡಿಗೆ ಕರಾರು ಸುಳ್ಳು ಹೇಳುತ್ತೆ, ಬೋರ್ಡು ಸುಳ್ಳು ಹೇಳುತ್ತೆ, ಸೋಪು ಹೇಳಲ್ಲ ಅಂತಾನೆ. ಜನ ಇರೋ ಕಡೆ ಸವೆದಿರುತ್ತೆ. ಇಲ್ಲದ ಕಡೆ ಒಣಗಿ ಬಿರುಕು ಬಿಟ್ಟಿರುತ್ತೆ. ಕಸುಬಿನ ಗುಟ್ಟು ಅದು. ಯಾರಿಗೂ ಬಿಟ್ಟುಕೊಡಲ್ಲ."

"ನಿಮಗೆ ಬಿಟ್ಟುಕೊಟ್ಟಿದ್ದಾನಲ್ಲ?"

"ನಾನು ಅಕ್ಕ ಅಲ್ವಾ ಮೇಡಂ."

ಆ ಮಾತಿಗೆ ನಾನು ಸೋತಿದ್ದೆ. ಅದಕ್ಕೇ ಈಗ ಇಲ್ಲಿ, ಬೇರೆಯವರ ವಾಶ್‌ಬೇಸಿನ್ನಿನ ಮುಂದೆ ಬಗ್ಗಿ ನಿಂತಿದ್ದೆ.

ಸೋಪು ಹಸಿರು. ಒದ್ದೆ. ಅರ್ಧಕ್ಕರ್ಧ ಸವೆದಿತ್ತು.

"ಸವೆದಿದೆ ಅಲ್ವಾ?" ಡಾಕ್ಟರಮ್ಮ ನನ್ನ ಭುಜದ ಮೇಲಿಂದ ಇಣುಕಿದರು. "ಅಂದ್ರೆ ಜನ ಇದ್ದಾರೆ. ಅಂದ್ರೆ ನನ್ನ ತಮ್ಮ ಸರಿಯಾಗೇ ಬರ್ದಿದ್ದಾನೆ. ಅಬ್ಬಾ! ಕೆಳಗೆ ಬ್ಯಾಂಕಿನವರಿಗೆ ಇದನ್ನ ನೀವೇ ಹೇಳ್ಬಿಡಿ ಮೇಡಂ. ಅವನ ಹೆಸರಾದ್ರೂ ಉಳಿಯುತ್ತೆ."

"ಇರಿ, ಅವಸರ ಮಾಡ್ಬೇಡಿ," ಎಂದೆ. ತಮ್ಮನ ಜೀವಕ್ಕಿಂತ ಮೊದಲು ಹೆಸರನ್ನು ನೆನೆಯುವ ಅಕ್ಕ. ಮರ್ಯಾದಸ್ಥರ ಮನೆಯವರು ಹಾಗೇ, ಪಾಪ.

ಎರಡನೇ ಮಹಡಿಯಿಂದ ಇನ್ನೂ ಮೇಲೆ ಹೋಗಲು ಲಿಫ್ಟು ಹತ್ತಿದೆವು. ಈ ಲಿಫ್ಟಿನ ಬಗ್ಗೆ ಹೇಳಲೇಬೇಕು. ಅದರೊಳಗೆ ಒಬ್ಬಳು ಜೇನು ಸುರಿಸುವ ದನಿಯಲ್ಲಿ ಮಹಡಿಯ ಹೆಸರು ಹೇಳುತ್ತಾಳೆ. ಅವಳಿಗೆ ಒಂದೇ ಹೆಸರು ಗೊತ್ತು. ಒಂದರಲ್ಲಿ ಬಾಗಿಲು ತೆರೆದರೂ "ನೆಲಮಹಡಿ, ಸುಸ್ವಾಗತ." ಮೂರರಲ್ಲೂ "ನೆಲಮಹಡಿ, ಸುಸ್ವಾಗತ." ಉಳಿದ ಮಹಡಿಗಳ ಹೆಸರು ತುಂಬಿಸುವ ಹೊತ್ತಿಗೆ ಲಿಫ್ಟಿನವರ ಬಾಕಿ ನಿಂತಿತ್ತಂತೆ, ಅವರು ಹಾಗೇ ಬಿಟ್ಟು ಹೋದರಂತೆ. ಬಾಗಿಲು ಮುಚ್ಚದ ಹಾಗೆ ಯಾರಾದರೂ ಅಡ್ಡ ನಿಂತರೆ ಸಾಕು, ಅದನ್ನೇ ಬಡಬಡಿಸುತ್ತಾಳೆ.

ಮೂರನೇ ಮಹಡಿಯಲ್ಲಿ ಇಪ್ಪತ್ತು ಮೂವತ್ತು ಜನ ಕಂಪ್ಯೂಟರುಗಳ ಮುಂದೆ ಕೂತು ಟಕಟಕ ಬಡಿಯುತ್ತಿದ್ದರು. ನೋಡಲು ಭರ್ಜರಿ ಕಚೇರಿ. ಹತ್ತಿರ ಹೋದೆ. ಕೀಬೋರ್ಡಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ. ಒಬ್ಬಾಕೆಯ ಪರದೆ ಕಪ್ಪಗಿತ್ತು, ಆದರೂ ಬಹಳ ಶ್ರದ್ಧೆಯಿಂದ ಬಡಿಯುತ್ತಿದ್ದಳು.

"ಏನು ಕೆಲಸಮ್ಮ ನಿಮ್ಮದು?"

ಆಕೆ ಪಕ್ಕದವನ ಮುಖ ನೋಡಿದಳು. ಅವನು ಸೂರು ನೋಡಿದ.

"ಇಲ್ಲಿ... ಕೂರೋದು ಮೇಡಂ," ಎಂದಳು ಕೊನೆಗೆ.

ಪ್ರಾಮಾಣಿಕ ಉತ್ತರ. ಈ ಕಟ್ಟಡದಲ್ಲಿ ಅವತ್ತು ಕೇಳಿದ ಮೊದಲ ಪ್ರಾಮಾಣಿಕ ಉತ್ತರ.

ಬಾಡಿಗೆ ಜನ! ಬಾಡಿಗೆದಾರರು ಸಿಗದಿದ್ದಕ್ಕೆ ಬಾಡಿಗೆದಾರರನ್ನೇ ಬಾಡಿಗೆಗೆ ತಂದಿದ್ದರು. ಥೂ, ಇವರ ಜನ್ಮಕ್ಕಿಷ್ಟು.

ಅಂದ ಮೇಲೆ ಸೋಪು ಹೇಗೆ ಸವೆಯಿತು? ಕೂರಲಿಕ್ಕೆ ಬಂದವರು ಇವತ್ತು ಬೆಳಿಗ್ಗೆ ಬಂದವರು. ಒಂದು ಬೆಳಗಿನಲ್ಲಿ ಅರ್ಧ ಸೋಪು ಸವೆಸುವಷ್ಟು ಕೈ ತೊಳೆಯುವ ಪಾಪ ಇವರೇನು ಮಾಡಿದ್ದಾರೆ?

ಮೂರನೆಯ ಮಹಡಿಯ ಸೋಪನ್ನು ಕೈಗೆತ್ತಿಕೊಂಡು ತಿರುಗಿಸಿದೆ. ಆಗ ಹೊಳೆಯಿತು. ಕೈಯಲ್ಲಿ ಸವೆದ ಸೋಪು ನಡುವೆ ತೆಳ್ಳಗಾಗುತ್ತದೆ, ಅಂಚು ದುಂಡಗಾಗುತ್ತದೆ. ಮನೆಗೆ ಹೋಗಿ ನೋಡಿಕೊಳ್ಳಿ ಬೇಕಾದರೆ. ಇದು ಒಂದೇ ಬದಿಯಲ್ಲಿ ಮಟ್ಟಸವಾಗಿ ಸವೆದಿತ್ತು. ಅಂಚು ಚೂಪಾಗಿತ್ತು. ಸವೆದ ಮುಖದ ಮೇಲೆ ಗೀರುಗಳು, ಗೀರುಗಳ ನಡುವೆ ಕಲ್ಲಿನ ಪುಡಿ.

ಯಾರೋ ಇದನ್ನು ಗ್ರಾನೈಟಿಗೆ ಉಜ್ಜಿದ್ದರು. ಕೆಳಗಿನ ಮಹಡಿಯದನ್ನೂ. ಹೋಗಿ ನೋಡಿದೆ, ಅಲ್ಲೂ ಅದೇ ಗೀರು.

"ಏನಾಯ್ತು ಮೇಡಂ?" ಎಂದರು ಡಾಕ್ಟರಮ್ಮ.

"ಏನಿಲ್ಲ," ಎಂದೆ. "ಯಾರೋ ಬಹಳ ಬುದ್ಧಿವಂತರು ಬಹಳ ದಡ್ಡ ಕೆಲಸ ಮಾಡಿದ್ದಾರೆ."

ಆಕೆ ಬಲಗೈಯನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡರು. ಬೆರಳಿನ ಗೆಣ್ಣುಗಳ ಮೇಲೆ ಪಟ್ಟಿ ಹಾಕಿದ್ದರು. ಬೆಳಿಗ್ಗೆಯೇ ಕೇಳಿದ್ದೆ, ಹಲ್ಲು ಕೊರೆಯುವ ಯಂತ್ರ ಜಾರಿತು ಅಂದಿದ್ದರು.

ಎರಡನೇ ಮಹಡಿಯಿಂದ ಮೆಟ್ಟಿಲಿಗೆ ತಿರುಗುವಾಗ ಎಡಗಡೆ ಒಂದು ಖಾಲಿ ಕೋಣೆ ಕಂಡಿತು. ಹೊಸ ಬಣ್ಣ, ಹೊಸ ನೆಲ. ನಟ್ಟನಡುವೆ ನೆಲದಿಂದ ಒಂದು ನೀರಿನ ಕೊಳವೆ ಮೂತಿ ಎತ್ತಿತ್ತು, ಪಕ್ಕದಲ್ಲೇ ಕೊಳಚೆಯ ಕಿಂಡಿ.

"ನೋಡಿದ್ರಾ ಇವರ ಘನಂದಾರಿ ಕೆಲಸ? ಕಚೇರಿ ಮಧ್ಯದಲ್ಲಿ ನಲ್ಲಿ! ಗುಮಾಸ್ತ ಕೂತಲ್ಲೇ ಸ್ನಾನ ಮಾಡ್ಲಿ ಅಂತ ಇರಬೇಕು."

ಡಾಕ್ಟರಮ್ಮ ನಗಲಿಲ್ಲ. ಅವರ ಮನಸ್ಸು ತಮ್ಮನ ಮೇಲಿತ್ತು, ಅದು ಸಹಜ. ನಾನೇ ನಾಲಿಗೆ ಕಚ್ಚಿಕೊಂಡೆ.

ಮೇಲೆ ಹತ್ತಲು ಹೊರಟೆ.

"ಮೇಲೆ ಏನೂ ಇಲ್ಲ ಮೇಡಂ," ಎಂದರು ಅವರು. "ನಾಲ್ಕು ಗಂಟೆ ಆಗ್ತಾ ಬಂತು. ಕೆಳಗೆ ಹೋಗೋಣ."

ಅದು ನಿಜವೇ. ನಾಲ್ಕಕ್ಕೆ ಬ್ಯಾಂಕಿನ ಸಾಲಾಧಿಕಾರಿ ಎಲ್ಲರೆದುರು ತಕ್ಕಡಿಗೆ ಫೋನು ಮಾಡುವವರಿದ್ದರು. "ವರದಿ ನಿಮ್ಮದೇನಾ?" ಎಂದು ಕೇಳುವುದು, ಅವನು ತನ್ನ ಬಾಯಿಂದ "ಹೌದು" ಎನ್ನುವುದು. ಅಷ್ಟಾದರೆ ಈ ಕಟ್ಟಡದ ಸಾಲಕ್ಕೆ ಇನ್ನೂ ಮೂರು ವರ್ಷ ಆಯುಸ್ಸು. ತಕ್ಕಡಿ ಯಾರದೋ ಬಂದಿಯಾಗಿದ್ದರೆ ಅವನ ಆಯುಸ್ಸು ಅದೇ "ಹೌದು" ವರೆಗೆ. ಆಮೇಲೆ ಅವನು ಬಾಯಿಬಿಟ್ಟರೆ ಅಪಾಯ, ಬಿಡದಿದ್ದರೆ ದಂಡ. ಇದನ್ನು ಡಾಕ್ಟರಮ್ಮನಿಗೆ ಬಿಡಿಸಿ ಹೇಳುವ ಧೈರ್ಯ ನನಗಾಗಲಿಲ್ಲ.

ನೆಲಮಹಡಿಯ ಸಭಾಕೋಣೆಯಲ್ಲಿ ಮೂವರಿದ್ದರು.

ಮೇಜಿನ ತಲೆಗೆ ಕಟ್ಟಡದ ಮಾಲೀಕ. ಇವರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಾರೆ, ಸಾಲ ಕೊಟ್ಟವರೂ ಕೂಡ. ಬಡ್ಡಿ ಅಗ್ಗವಾಗಿದ್ದ ಕಾಲದಲ್ಲಿ ಕಂಡದ್ದನ್ನೆಲ್ಲ ಸಾಲದಲ್ಲಿ ಕೊಂಡವರು: ಈ ಕಟ್ಟಡ, ಎರಡು ಗೋದಾಮು, ಷೇರು, ಒಂದು ಮೋಜಿನ ದೋಣಿ. ದೋಣಿ ಮಾರಲಿಕ್ಕಿದೆ ಎಂದು ಒಂದು ವರ್ಷದಿಂದ ಹೇಳುತ್ತಿದ್ದಾರೆ. ಈಜು ಬರುವುದಿಲ್ಲ.

ಪಕ್ಕದಲ್ಲಿ ಅಳಿಯ. ಮಾವನ ಮಾತು ಮುಗಿಯುವ ಮೊದಲೇ ತಲೆಯಾಡಿಸುವುದು ಇವನ ಉದ್ಯೋಗ. ಎದುರಿಗೆ ಸಾಲಾಧಿಕಾರಿ, ಕುತ್ತಿಗೆಗೆ ಟೈ ಬಿಗಿದುಕೊಂಡು, ಸಾಲ ಕೊಟ್ಟ ತಪ್ಪು ಬಯಲಾಗದಿದ್ದರೆ ಸಾಕು ಎಂಬ ಮುಖ ಹೊತ್ತು ಕೂತಿದ್ದ.

"ಬನ್ನಿ ಬನ್ನಿ, ವಿಮೆ ಮೇಡಂ!" ಎಂದ ಸಾಲಾಧಿಕಾರಿ. "ನೀವೂ ಒಂದ್ಸಲ ನೋಡಿ ಸರಿ ಅಂದ್ಬಿಟ್ರೆ ನಮಗೆ ನೆಮ್ಮದಿ. ನಿಮ್ಮ ಮಾತಿಗೆ ನಮ್ಮಲ್ಲಿ ತೂಕ ಇದೆ."

"ನೋಡಿದ್ರಾ ನಮ್ಮ ಕಟ್ಟಡ?" ದೊಡ್ಡಪ್ಪ ಹಲ್ಲು ಕಿರಿದರು. "ಹೇಗಿದೆ?"

"ಭರ್ತಿಯಾಗಿದೆ," ಎಂದೆ. "ಖಾಲಿ ಜನರಿಂದ."

ಸಾಲಾಧಿಕಾರಿ ಕೆಮ್ಮಿದ. ಅಳಿಯ ತಲೆಯಾಡಿಸಲು ಹೊರಟವನು ಅರ್ಧಕ್ಕೆ ನಿಲ್ಲಿಸಿದ.

"ಏನ್ ಹಾಗಂದ್ರೆ?"

"ದೊಡ್ಡಪ್ಪಾ, ಒಂದು ವಿಷಯ ಕೇಳ್ತೀನಿ. ಬಾಡಿಗೆ ಜನಕ್ಕೆ ದಿನಕ್ಕೆ ಎಷ್ಟು ಕೊಡ್ತೀರಿ? ಊಟ ನಿಮ್ಮದೋ ಅವರದೋ?"

ದೊಡ್ಡಪ್ಪನ ಕುತ್ತಿಗೆ ಕೆಂಪಾಯಿತು. ಆದರೆ ಅವರು ಎಮ್ಮೆ ಚರ್ಮದವರು, ಒಂದು ಏಟಿಗೆ ಬೀಳುವುದಿಲ್ಲ.

"ಮೇಡಂ, ನಿಮಗೆ ವ್ಯಾಪಾರ ಗೊತ್ತಿಲ್ಲ. ಇಟ್ಟಿಗೆ ಅದೇ. ಗಾಜು ಅದೇ. ಜಾಗ ಅದೇ. ನಾಲ್ಕು ವರ್ಷದ ಹಿಂದೆ ನೂರು ಅಂದಿದ್ರು ಇದೇ ಬ್ಯಾಂಕಿನವರು. ಈಗ ಐವತ್ತು ಅಂತಾರೆ. ನನ್ನ ಕಟ್ಟಡ ಏನ್ ತಪ್ಪು ಮಾಡ್ತು? ಒಂದು ಇಟ್ಟಿಗೆ ಉದುರಿದೆಯಾ?"

"ಇಟ್ಟಿಗೆ ಉದುರಿಲ್ಲ, ಬಡ್ಡಿ ಏರಿದೆ."

"ಬಡ್ಡಿ ಏರಿದ್ರೆ ನನ್ನ ಸಾಲಕ್ಕೆ ಏರಲಿ. ಕಟ್ಟಡಕ್ಕೆ ಏನಾಗ್ಬೇಕು?"

ಇಂಥ ಮನುಷ್ಯರ ಕೈಗೆ ಬ್ಯಾಂಕಿನವರು ಕೋಟಿ ಕೋಟಿ ಕೊಡುತ್ತಾರೆ. ನಾನು ಒಂದು ಫ್ರಿಜ್ಜಿಗೆ ಸಾಲ ಕೇಳಿದರೆ ತಾತನ ಜಾತಕ ಕೇಳಿದ್ದರು.

"ಕೇಳಿಸ್ಕೊಳ್ಳಿ," ಎಂದೆ. "ನಿಮ್ಮ ಕಟ್ಟಡ ವರ್ಷಕ್ಕೆ ಐದು ಬಾಡಿಗೆ ತರುತ್ತೆ ಅಂತಿಟ್ಕೊಳ್ಳಿ. ಆಗ ಬ್ಯಾಂಕಲ್ಲಿ ನೂರು ಇಟ್ರೆ ಮೂರು ಬರ್ತಿತ್ತು. ಅದಕ್ಕಿಂತ ಇದೇ ವಾಸಿ ಅಂತ ನಿಮಗೆ ನೂರು ಕೊಡೋರು ಇದ್ರು. ಈಗ ಬ್ಯಾಂಕಲ್ಲಿ ಸುಮ್ನೆ ಇಟ್ರೆ ಎಂಟು ಬರುತ್ತೆ. ಕಾಲ ಮೇಲೆ ಕಾಲು ಹಾಕ್ಕೊಂಡು ಕೂತೋನಿಗೆ ಎಂಟು. ಅವನು ನಿಮ್ಮ ಸೋರೋ ನಲ್ಲಿ, ಮಾತಾಡೋ ಲಿಫ್ಟು ಎಲ್ಲ ತಲೆ ಮೇಲೆ ಹೊತ್ಕೊಂಡು ಐದಕ್ಕೆ ಯಾಕೆ ಬರ್ತಾನೆ? ಹತ್ತಾದ್ರೂ ಸಿಗಬೇಕು ಅಂತಾನೆ. ಐದರ ಬಾಡಿಗೆ ಅವನಿಗೆ ನೂರಕ್ಕೆ ಹತ್ತು ಅನ್ನಿಸ್ಬೇಕಾದ್ರೆ ಅವನು ಎಷ್ಟು ಕೊಡ್ಬೇಕು?"

"ಐವತ್ತು," ಎಂದು ಅಳಿಯನ ಬಾಯಿಂದ ಜಾರಿತು. ಮಾವ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದರು.

"ನಿಮ್ಮಳಿಯಂಗೆ ಲೆಕ್ಕ ಬರುತ್ತೆ. ಅದಕ್ಕೇ ಅವ್ರಿಗೆ ಇನ್ನೊಂದು ದಾರಿನೂ ಹೊಳೀತು. ಬೆಲೆ ಬೀಳಬಾರದು ಅಂದ್ರೆ ಬಾಡಿಗೆ ಎರಡರಷ್ಟಾಗ್ಬೇಕು. ಕೊಡೋರಿಲ್ಲ, ಕೊಡೋ ಹಾಗೆ ಕೂರೋರನ್ನ ತಂದ್ರಿ. ಬೋರ್ಡು ಹಾಕಿಸಿದ್ರಿ. ಸೋಪು ಉಜ್ಜಿದ್ರಿ."

"ಸೋಪಾ?" ಎಂದರು ದೊಡ್ಡಪ್ಪ.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವವರ ಮುಖ ನನಗೆ ಅಂಗೈ ಗೆರೆಯಷ್ಟು ಪರಿಚಯ. ಆ ಮುಖದಲ್ಲಿ ಬಾಡಿಗೆ ಜನರ ಕಳ್ಳತನ ಇತ್ತು, ದುರಾಸೆ ಇತ್ತು. ಸೋಪಿನ ಬಗ್ಗೆ ಮಾತ್ರ ಏನೂ ಇರಲಿಲ್ಲ. ಪೂರಾ ಪೆಚ್ಚಾಗಿದ್ದರು.

ಮೇಲಿನಿಂದ ಎತ್ತಿಕೊಂಡು ಬಂದಿದ್ದ ಹಸಿರು ಸೋಪನ್ನು ಮೇಜಿನ ಮೇಲಿಟ್ಟೆ. ಪಾಲಿಶ್ ಮಾಡಿದ ಮರದ ಮೇಲೆ ನೀರು ಇಳಿಯಿತು.

"ತಕ್ಕಡಿ ಬಂದಾಗ ಇದು ಒಣಗಿ ಬಿರುಕು ಬಿಟ್ಟಿತ್ತು. ಅವನು ಕಟ್ಟಡ ಖಾಲಿ ಅಂತ ಕಂಡುಹಿಡಿದ. ಹಾಗೆ ಕಂಡುಹಿಡಿದವನು ಆ ವರದಿ ಬರೆಯೋಕೆ ಸಾಧ್ಯ ಇಲ್ಲ. ಅವನು ಹೋದ ಮೇಲೆ ಯಾರೋ ಇದನ್ನ ಕಲ್ಲಿಗೆ ಉಜ್ಜಿದ್ದಾರೆ, ಮುಂದೆ ಬರೋರ ಕಣ್ಣಿಗೆ ಮಣ್ಣೆರಚೋಕೆ. ಅವನು ಸೋಪು ನೋಡ್ತಾನೆ ಅಂತ ಗೊತ್ತಿದ್ದೋರು ಮಾತ್ರ ಈ ಕೆಲಸ ಮಾಡೋಕಾಗೋದು. ದೊಡ್ಡಪ್ಪಾ, ತಕ್ಕಡಿ ಎಲ್ಲಿ?"

"ನನಗೇನ್ರೀ ಗೊತ್ತು! ಬಂದ, ನೋಡಿದ, ಹೋದ. ನಮ್ಮಳಿಯಾನೇ ಗೇಟಿನವರೆಗೆ ಬಿಟ್ಟು ಬಂದ."

"ಹೌದಾ ಅಳಿಯಂದ್ರೇ?"

ಅಳಿಯ ನನ್ನನ್ನು ನೋಡಲಿಲ್ಲ. ನನ್ನ ಭುಜದಾಚೆ, ಬಾಗಿಲ ಕಡೆ ನೋಡಿದ. ಅಲ್ಲಿ ಡಾಕ್ಟರಮ್ಮ ಒರಗಿ ನಿಂತಿದ್ದರು. ಓಡಿಹೋಗಲು ದಾರಿ ನೋಡುತ್ತಿದ್ದಾನೆ ಅಂದುಕೊಂಡೆ. ಹೇಡಿಗಳು ಮೊದಲು ಬಾಗಿಲನ್ನೇ ನೋಡುತ್ತಾರೆ.

"ಬಿಟ್ಟು ಬಂದೆ," ಎಂದ. ಎದ್ದ. "ಚಹಾ... ಚಹಾ ಹೇಳಿ ಬರ್ತೀನಿ."

"ನಮಗೆ ಚಹಾ ಬೇಡ."

"ಮಾವನಿಗೆ ಬೇಕು," ಎಂದು ಹೊರಟೇ ಹೋದ. ಮಾವ ಬೇಡ ಎನ್ನುವಷ್ಟರಲ್ಲಿ ಮಾಯ.

ನಾನು ಹಿಂದೆಯೇ ಹೋಗಬೇಕಿತ್ತು. ಡಾಕ್ಟರಮ್ಮ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು. "ಮೇಡಂ, ಕರೆ ಬರೋ ಹೊತ್ತು. ನನ್ನ ಬಿಟ್ಟು ಹೋಗ್ಬೇಡಿ, ನಂಗೆ ಭಯ ಆಗ್ತಿದೆ." ಅವರ ಅಂಗೈ ಬೆವೆತಿತ್ತು. ಹೇಗೆ ಕೊಸರಿಕೊಂಡು ಹೋಗುವುದು?

ಸಾಲಾಧಿಕಾರಿ ಗಡಿಯಾರ ನೋಡಿಕೊಂಡ. "ಮಾಡೇ ಬಿಡ್ತೀನಿ. ಸೋಪಿನ ಪುರಾಣ ಆಮೇಲೆ ಕೇಳೋಣ. ಅವರೇ ಫೋನ್ ತಗೊಂಡು ಹೌದು ಅಂದ್ರೆ ನಮಗೆ ಅಷ್ಟೇ ಸಾಕು."

"ಫೋನ್ ತಗೊಳ್ಳೋದು ಅವನು. ಪಕ್ಕದಲ್ಲಿ ಯಾರು ನಿಂತಿರ್ತಾರೆ ಅಂತ ಕೇಳ್ತೀರಾ?"

"ಅದು ನಮ್ಮ ನಿಯಮದಲ್ಲಿ ಇಲ್ಲ," ಎಂದ, ಸ್ವಲ್ಪವೂ ನಾಚದೆ.

ಫೋನು ಮೇಜಿನ ಮೇಲೆ, ಎಲ್ಲರಿಗೂ ಕೇಳುವ ಹಾಗೆ. ರಿಂಗಾಯಿತು. ಎತ್ತುವುದಿಲ್ಲ ಅಂದುಕೊಂಡೆ. ಎತ್ತಿದ.

"ಹಲೋ."

ಡಾಕ್ಟರಮ್ಮನ ಉಗುರು ನನ್ನ ತೋಳಿಗೆ ಇಳಿಯಿತು. ತಕ್ಕಡಿಯೇ. ಗಂಟಲು ಕಟ್ಟಿತ್ತು, ಆದರೆ ಅವನೇ.

"ವರದಿ ನಿಮ್ಮದೇ ತಾನೇ ಸಾರ್?"

"ನಂದೇ." ಒಂದು ಉಸಿರು. "ಕಟ್ಟಡದ ಬೆಲೆ ನಾನೇ ನೋಡಿ ಹಾಕಿದ್ದು. ಬೆಲೆ ಸರಿಯಾಗಿದೆ."

"ಅಬ್ಬಾ!" ಡಾಕ್ಟರಮ್ಮ ಕಣ್ಣು ಮುಚ್ಚಿದರು. "ಅವನೇ. ಅವನದೇ ಮಾತು."

ನಾನು ಫೋನಿನ ಕಡೆ ಬಗ್ಗಿದೆ.

ಅವನದೇ ದನಿ, ಅವನ ಮಾತಲ್ಲ. ವಿಮಾ ಕಂಪನಿಯಲ್ಲಿದ್ದಾಗ ನಾನೊಮ್ಮೆ ಸುಟ್ಟ ಅಂಗಡಿಯೊಂದರ ಬೆಲೆ ಎಷ್ಟು ಎಂದು ಅವನನ್ನು ಕೇಳಿದ್ದೆ. ಮೇಜು ಗುದ್ದಿ ಎದ್ದಿದ್ದ. "ಬೆಲೆ ಕೇಳೋಕೆ ಸಂತೆಗೆ ಹೋಗಿ! ಬೆಲೆ ಅಂದ್ರೆ ಯಾವನೋ ಗ್ರಹಚಾರ ಕೆಟ್ಟೋನು ಕೊಡೋದು. ನಾನು ಹೇಳೋದು ಮೌಲ್ಯ!" ಆಮೇಲೆ ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿದೆವು, ಜಗಳವಾಡಿದೆವು. ಬೆಲೆ ಎಂಬ ಪದ ಅವನ ಬಾಯಲ್ಲಿ ನಾನು ಮತ್ತೆ ಕೇಳಿದ್ದಿಲ್ಲ. ಈಗ ಒಂದೇ ಉಸಿರಿನಲ್ಲಿ ಎರಡು ಸಲ ಹೇಳಿದ್ದ.

ಕೇಳುವ ಕಿವಿ ಇರುವವರಿಗೆ ಕೂಗಿ ಹೇಳುತ್ತಿದ್ದ. ಒಂದೇ ಮನೆಯಲ್ಲಿ ಬೆಳೆದ ಅಕ್ಕನಿಗೆ ಅದು ಕೇಳಿಸಲಿಲ್ಲವೇ? ಗಾಬರಿ. ಪಾಪ, ಗಾಬರಿಯಲ್ಲಿ ಏನು ಕೇಳಿಸುತ್ತದೆ.

"ಥ್ಯಾಂಕ್ಸ್ ಸಾರ್, ಅಷ್ಟು ಸಾಕು," ಎಂದ ಸಾಲಾಧಿಕಾರಿ, ಹಬೆ ಬಿಟ್ಟ ಕುಕ್ಕರಿನ ಹಾಗೆ.

"ಇಡಬೇಡಿ!" ಎಂದು ಕಿರುಚಿದೆ.

ಇಟ್ಟುಬಿಟ್ಟ. ಆದರೆ ಇಡುವ ಮುನ್ನ, ತಕ್ಕಡಿಯ ಉಸಿರಿನ ಹಿಂದೆ, ಜೇನು ಸುರಿಸುವ ಒಂದು ಹೆಣ್ಣುದನಿ ನನ್ನ ಕಿವಿಗೆ ಬಿದ್ದಿತ್ತು.

"ನೆಲಮಹಡಿ, ಸುಸ್ವಾಗತ. ನೆಲಮಹಡಿ, ಸುಸ್ವಾಗತ."

ಇದೇ ಕಟ್ಟಡ. ಮೂರು ದಿನದಿಂದ ನಮ್ಮ ತಲೆಯ ಮೇಲೇ.

ಮೊಗಸಾಲೆಗೆ ಓಡಿದೆ. ಲಿಫ್ಟಿನ ಬಾಗಿಲು ಮುಚ್ಚಿತ್ತು. ಗುಂಡಿ ಒತ್ತಿದೆ, ಬರಲಿಲ್ಲ. ಮೇಲೆ ಕೆಂಪು ಅಂಕಿ: ಆರು. ಬಾಗಿಲಿಗೆ ಏನೋ ಅಡ್ಡ ಇಟ್ಟು ಅಲ್ಲೇ ತಡೆದಿದ್ದರು. ಅಳಿಯನ ಚಹಾ ಆರನೇ ಮಹಡಿಯಲ್ಲಿ ಕುದಿಯುತ್ತಿತ್ತು.

"ಆರರಲ್ಲಿ ಏನಿದೆ?" ದೊಡ್ಡಪ್ಪನ ಕಡೆ ತಿರುಗಿ ಕೂಗಿದೆ.

"ಏನೂ ಇಲ್ಲ! ಬರೀ ಕಾಂಕ್ರೀಟು, ಅರ್ಧ ಗೋಡೆ. ದುಡ್ಡು ಸಾಲದೆ ನಿಲ್ಲಿಸಿದ್ದು. ಒಂದು ಕಡೆ ತಡೆಗೋಡೆನೂ ಇಲ್ಲ..." ಹೇಳುತ್ತಾ ಹೇಳುತ್ತಾ ಅವರ ಮುಖ ಬಿಳಿಚಿತು. "ಅವನೇನು ಮಾಡ್ತಿದ್ದಾನೆ ಅಲ್ಲಿ? ನನ್ನ ಅಳಿಯ ಏನು ಮಾಡ್ತಿದ್ದಾನ್ರೀ?"

ಉತ್ತರಿಸಲು ಪುರುಸೊತ್ತಿರಲಿಲ್ಲ. ಮೆಟ್ಟಿಲು ಹಿಡಿದೆ. ನನ್ನ ಮಂಡಿಗಳು ಬೈದವು, ನಾನು ತಿರುಗಿ ಬೈದೆ. ಡಾಕ್ಟರಮ್ಮ ಹಿಂದೆಯೇ ಬರುತ್ತಿದ್ದರು. "ಮೇಡಂ, ನಿಧಾನ! ಮೇಡಂ, ಪೊಲೀಸರಿಗೆ ಹೇಳೋಣ, ನಿಲ್ಲಿ!" ಪ್ರತಿ ತಿರುವಿನಲ್ಲೂ ನಿಲ್ಲಿ ಅನ್ನುತ್ತಿದ್ದರು. ತಮ್ಮನನ್ನು ಯಾವ ಸ್ಥಿತಿಯಲ್ಲಿ ನೋಡಬೇಕಾಗುತ್ತದೋ ಎಂಬ ಹೆದರಿಕೆ ಇರಬೇಕು. ನಾನು ನಿಲ್ಲಲಿಲ್ಲ.

ಐದನೆಯದು ದಾಟಿದ ಮೇಲೆ ಬಣ್ಣ ಮುಗಿದು ಬರೀ ಸಿಮೆಂಟು. ಕೊನೆಯಲ್ಲಿ ಕಬ್ಬಿಣದ ಬಾಗಿಲು. ಈ ಸಲ ಎಳೆಯಲಿಲ್ಲ, ತಳ್ಳಲಿಲ್ಲ. ಪಕ್ಕಕ್ಕೆ ಸರಿಸಿದೆ.

ಗಾಳಿ ಮುಖಕ್ಕೆ ಹೊಡೆಯಿತು. ಬೋಳು ಕಾಂಕ್ರೀಟು ನೆಲ, ನಡುವೆ ಸಾಲು ಕಂಬಗಳು. ಆ ಕಡೆ ಸಿಮೆಂಟು ಚೀಲ ಅಡ್ಡವಿಟ್ಟ ಲಿಫ್ಟು ಇನ್ನೂ ಸುಸ್ವಾಗತ ಹೇಳುತ್ತಲೇ ಇತ್ತು. ತಡೆಗೋಡೆಯಿಲ್ಲದ ಅಂಚಿಗೆ ಎರಡು ಮಾರು ದೂರದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ತಕ್ಕಡಿ, ಗಡ್ಡ ಬೆಳೆದು, ಕಾಲುಗಳನ್ನು ಕುರ್ಚಿಗೆ ಕಟ್ಟಿಸಿಕೊಂಡು. ಅವನ ಹಿಂದೆ ಅಳಿಯ, ಕುರ್ಚಿಯ ಬೆನ್ನಿನ ಮೇಲೆ ಎರಡೂ ಕೈ.

"ಕೈ ತೆಗಿ!" ಎಂದೆ. ಇಷ್ಟು ಎತ್ತರದ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಅಳಿಯ ಕೈ ತೆಗೆಯಲಿಲ್ಲ, ನೂಕಲೂ ಇಲ್ಲ. ಯಾರೋ ಹೇಳಲಿ ಎಂದು ಕಾಯುವವನ ಹಾಗೆ ನಿಂತಿದ್ದ. ಇಲ್ಲೂ ಮಾವನ ಅಪ್ಪಣೆ ಬೇಕಿತ್ತೇನೋ ಹೇಡಿಗೆ.

ತಕ್ಕಡಿ ನನ್ನನ್ನು ನೋಡಿದ. ಗುರುತು ಹಿಡಿದ. ಒಣಗಿದ ತುಟಿ ಬಿರಿದು ನಗುವಿನಂಥದ್ದು ಬಂತು.

"ವಿಮೆ ಮೇಡಂ! ಕಟ್ಟಡ ನೋಡಿದ್ರಾ?"

"ಸೋಪೂ ನೋಡಿದೆ ಮಾರಾಯಾ. ಕಲ್ಲಿಗೆ ಉಜ್ಜಿದ್ದು. ಗೊತ್ತಾಯ್ತು. ನೀನು ಅಲುಗಾಡ್ಬೇಡ, ನಾನು ಬಂದೆ."

ಆಗ ಅವನ ಕಣ್ಣು ನನ್ನ ಹಿಂದೆ ಸರಿಯಿತು. ನಗು ಹೋಯಿತು.

"ಸೋಪಿನ ಗುಟ್ಟು ನಾನು ಹುಟ್ಟಿದಾಗಿಂದ ಒಬ್ಬರಿಗೇ ಹೇಳಿದ್ದು," ಎಂದ ನಿಧಾನವಾಗಿ. "ಗೊತ್ತಾಗಿದ್ರೆ ಮತ್ತೆ ಇವಳನ್ನ ಯಾಕೆ ಜೊತೆಗೆ ಕರ್ಕೊಂಡು ಬಂದ್ರಿ?"

ಸೋಪು ಉಜ್ಜುವಾಗ ಕಲ್ಲಿಗೆ ತರಚಿದ ಗೆಣ್ಣುಗಳು. ಕೋಣೆಯ ನಡುವಿನ ನಲ್ಲಿ, ಹಲ್ಲಿನ ಕುರ್ಚಿ ಕೂರಿಸುವ ಜಾಗದಲ್ಲಿ, ಈಕೆಯ ಹೊಸ ಕ್ಲಿನಿಕ್ಕಿಗೆ. ಅಳಿಯ ನೋಡಿದ ಬಾಗಿಲು. ಎಲ್ಲ ಒಟ್ಟಿಗೆ ನನ್ನ ಕೆನ್ನೆಗೆ ಬಾರಿಸಿದವು. ಇಡೀ ಊರನ್ನು ಕಾಲ ಕಸದಂತೆ ನೋಡುವ ನಾನು ಒಬ್ಬಳಿಗೆ ಮಾತ್ರ ಕನಿಕರ ಪಟ್ಟಿದ್ದೆ.

ನನ್ನ ಬೆನ್ನ ಹಿಂದೆ ಕಬ್ಬಿಣದ ಬಾಗಿಲು ಸದ್ದಿಲ್ಲದೆ ಪಕ್ಕಕ್ಕೆ ಸರಿದು ಮುಚ್ಚಿಕೊಂಡಿತು. ಚಿಲಕ ಬಿತ್ತು.

"ಇನ್ನೂ ಏನ್ ಯೋಚನೆ ಮಾಡ್ತಿದ್ದೀಯಾ?" ಎಂದು ಡಾಕ್ಟರಮ್ಮ ಅಳಿಯನಿಗೆ ಹೇಳಿದರು. ಅವರ ದನಿಯಲ್ಲಿ ಈಗ ಅಳು ಇರಲಿಲ್ಲ.